ಒಂಬತ್ತು ಪಿನ್ನಿನ ಸೀರಿಯಲ್

ನಮ್ಮೂರಿನಲ್ಲಿ ‘ಸೀರಿಯಲ್’ ಎಂದರೆ ಒಂದೇ ಅರ್ಥ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಒಲೆಯ ಮೇಲೆ ಕುಕ್ಕರ್ ಇಟ್ಟು, ಅದು ಮೂರು ಸಲ ಕೂಗುವುದರೊಳಗೆ ಬಂದು ಟೀವಿಯ ಮುಂದೆ ಕೂರುವ ಅರ್ಧ ಗಂಟೆ. ಹಾಗಾಗಿ ಅರವತ್ತು ದಾಟಿದ ನಾನು ಬಸ್ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಗೆ ಹೋಗಿ, “ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಇಲ್ಲವಲ್ಲಪ್ಪ, ಏನು ಮಾಡಬೇಕು?” ಎಂದು ಕೇಳಿದಾಗ ಅಲ್ಲಿಯ ಹುಡುಗ, “ನೆಟ್ ಹಾಕಿಸಿ ಅಮ್ಮ, ಎಲ್ಲಾ ಸೀರಿಯಲ್ಲೂ ಬರುತ್ತೆ” ಎಂದದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ನಾನು ಚೀಲದಿಂದ ಒಂದು ಹಳೆಯ ಕೇಬಲ್ ತೆಗೆದು ಅವನ ಮುಂದಿಟ್ಟೆ. ಅದರ ತುದಿಯಲ್ಲಿ ಎರಡು ಸಾಲಾಗಿ ಒಂಬತ್ತು ತೂತು, ಮೇಲೆ ಐದು, ಕೆಳಗೆ ನಾಲ್ಕು. ಅಕ್ಕಪಕ್ಕ ಎರಡು ಸಣ್ಣ ಸ್ಕ್ರೂ. ಅವನು ಅದನ್ನು ನಮ್ಮಜ್ಜಿಯ ಕಾಲದ ಅಡಕತ್ತರಿ ನೋಡಿದಂತೆ ತಿರುಗಿಸಿ ನೋಡಿ ನಕ್ಕ. “ಓ, ಇದಾ? ಇದೆಲ್ಲ ಹೋಗಿ ಯಾವ ಕಾಲ ಆಯ್ತಮ್ಮ! ಆ ಮಿಷಿನ್ನನ್ನೇ ಬದಲಾಯಿಸಿಬಿಡಿ” ಎಂದ.

ಈ ಪ್ರಬಂಧಕ್ಕೆ ಕಾರಣ ಆ ಮಾತಿನ ಕೊನೆಯ ‘ಬಿಡಿ’. ಎಷ್ಟು ಸಲೀಸಾಗಿ ಬರುತ್ತದೆ ನೋಡಿ ಆ ಮಾತು! ಬದಲಾಯಿಸಿಬಿಡಿ, ಎಸೆದುಬಿಡಿ, ಹೊಸದು ತೊಗೊಂಡುಬಿಡಿ. ಹೇಳುವವನಿಗೆ ಕಾಸು ಖರ್ಚಿಲ್ಲ. ಕೇಳುವವರ ಗಂಟು ಎಷ್ಟು ಹೋಗುತ್ತದೆ, ಆ ಗಂಟು ಯಾರ ಬೆವರಿನದು ಎಂಬುದು ಅವನಿಗೆ ಬೇಕಾಗಿಲ್ಲ. ನನಗೆ ಬೇಕಾಗಿದೆ. ಆದ್ದರಿಂದ ಸ್ವಲ್ಪ ಜಗಳ ಆಡಲೆಂದೇ ಕೂತಿದ್ದೇನೆ.

ಮೊದಲು ಆ ಮಿಷಿನ್ ಯಾವುದೆಂದು ಹೇಳಿಬಿಡುತ್ತೇನೆ. ನಮ್ಮ ಪಟ್ಟಣದಿಂದ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನನ್ನ ನಾದಿನಿ ಇದ್ದಾಳೆ. ಅಲ್ಲಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಅವಳು ಕಾರ್ಯದರ್ಶಿ. ಊರವರ ಬಾಯಲ್ಲಿ ಅದು ‘ಹೆಂಗಸರ ಡೇರಿ’. 1986-87ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ತರಬೇತಿ ಮತ್ತು ಉದ್ಯೋಗಕ್ಕೆಂದು ‘ಸ್ಟೆಪ್’ ಎಂಬ ಯೋಜನೆ ತಂದ ಮೇಲೆ ನಮ್ಮ ರಾಜ್ಯದಲ್ಲಿ ಇಂಥ ಹೆಂಗಸರದೇ ಸಂಘಗಳು ಅನೇಕ ಕಡೆ ಹುಟ್ಟಿಕೊಂಡವು. ಹಸು ಕಟ್ಟುವುದು, ಹುಲ್ಲು ಹೊರುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಎಲ್ಲ ಹೆಂಗಸು. ಡೇರಿಗೆ ಹೋಗಿ ದುಡ್ಡು ಎಣಿಸಿಕೊಳ್ಳುವುದು ಮಾತ್ರ ಗಂಡಸು ಎಂದಿದ್ದ ಲೆಕ್ಕಕ್ಕೆ ಇವು ಸ್ವಲ್ಪವಾದರೂ ತಿದ್ದುಪಡಿ ತಂದವು.

ಪೇಟೆಯಲ್ಲಿ ಪ್ಯಾಕೆಟ್ ಹಾಲು ಕತ್ತರಿಸಿ ಕಾಯಿಸುವ ನಮಗೆ ಗೊತ್ತಿರುವುದಿಲ್ಲ, ಡೇರಿಯಲ್ಲಿ ಹಾಲಿಗೆ ದುಡ್ಡು ಕೊಡುವುದು ಬರೀ ಲೀಟರಿನ ಲೆಕ್ಕದಲ್ಲಲ್ಲ. ಅದರಲ್ಲಿ ಕೊಬ್ಬಿನ ಅಂಶ ಎಷ್ಟು, ಕೊಬ್ಬನ್ನು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ಎಂಬುದರ ಮೇಲೆ ದರ. ಹಳ್ಳಿಯ ಭಾಷೆಯಲ್ಲಿ ‘ಫ್ಯಾಟು, ಎಸ್‌ಎನ್‌ಎಫ್ಫು’. ಅಕ್ಷರ ಬಾರದ ಅಜ್ಜಿಯರೂ ಈ ಎರಡು ಮಾತನ್ನು ತಡವರಿಸದೆ ಹೇಳುತ್ತಾರೆ.

ಹಿಂದೆ ಈ ಫ್ಯಾಟನ್ನು ತಿಳಿಯುವುದು ಸಣ್ಣ ಕೆಲಸವಾಗಿರಲಿಲ್ಲ. ಗರ್ಬರ್ ವಿಧಾನ ಎಂದು ಅದರ ಹೆಸರು. ಗಾಜಿನ ಬುರುಡೆಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಬೇಕು. ಮೇಲೆ ತೇಲುವ ಕೊಬ್ಬಿನ ಗೆರೆಯನ್ನು ಕಣ್ಣಿನ ನೇರಕ್ಕೆ ಹಿಡಿದು ಓದಬೇಕು. ಆಮ್ಲ ಸಿಡಿದು ನಾದಿನಿಯ ಸೀರೆಯ ಸೆರಗು ಜರಡಿಯಾದದ್ದನ್ನು ನಾನೇ ನೋಡಿದ್ದೇನೆ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಓದಿದವರು ಹೇಳಿದ್ದೇ ಫ್ಯಾಟು, ಬರೆದವರು ಬರೆದದ್ದೇ ಲೆಕ್ಕ. “ನಮ್ಮ ಹಾಲಿಗೆ ಮೂರೂವರೆ, ಅವಳ ಹಾಲಿಗೆ ಹೇಗೆ ನಾಲ್ಕು ಬಂತು?” ಎಂಬ ಪಿಸುಮಾತು ಡೇರಿಯಿಂದ ಹೊರಟು ನಲ್ಲಿಯ ಹತ್ತಿರ ಜಗಳವಾಗುತ್ತಿತ್ತು.

1990ರ ದಶಕದಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ಸಂಘಗಳಿಗೆ ಕಂಪ್ಯೂಟರ್ ಬಂತು. ತಕ್ಕಡಿ ತೂಕವನ್ನು ತಾನೇ ಹೇಳುತ್ತದೆ, ಪರೀಕ್ಷೆಯ ಯಂತ್ರ ಫ್ಯಾಟನ್ನು ತಾನೇ ಹೇಳುತ್ತದೆ, ಕಂಪ್ಯೂಟರ್ ಎರಡನ್ನೂ ಕೇಳಿಸಿಕೊಂಡು ದರ ಹಾಕಿ ಚೀಟಿ ಕೊಡುತ್ತದೆ. ಕೆಲವು ವರ್ಷಗಳ ನಂತರ ಅಂಥದೇ ಒಂದು ಸೆಟ್ಟು ನಮ್ಮ ನಾದಿನಿಯ ಡೇರಿಗೂ ಬಂತು. ನಡುವೆ ಯಾರ ಕೈಯೂ ಇಲ್ಲ. ಆಮ್ಲ ಇಲ್ಲ, ಪಿಸುಮಾತಿಲ್ಲ. ಪ್ರತಿಯೊಬ್ಬಳ ಕೈಗೂ ಬೆರಳಗಲದ ಒಂದು ಚೀಟಿ. ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಮನೆಗೆ ಹೋಗಿ, ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿಕೊಳ್ಳುವ ಒಬ್ಬ ಅಜ್ಜಿ ನನಗೆ ಗೊತ್ತು. ಎಂಟು ದಶಕ ಬದುಕಿದ ಆಕೆಯ ಕೈಗೆ, ಅವಳ ದುಡಿಮೆ ಇಷ್ಟು ಎಂದು ಅಚ್ಚು ಹಾಕಿ ಕೊಟ್ಟ ಮೊದಲ ಕಾಗದ ಅದು.

2023ರ ಮಳೆಗಾಲದಲ್ಲಿ ಒಂದು ರಾತ್ರಿ ಸಿಡಿಲು ಹೊಡೆದು ಡೇರಿಯ ಕಂಪ್ಯೂಟರ್ ಸುಟ್ಟಿತು. ತಕ್ಕಡಿಯ, ಪರೀಕ್ಷಾ ಯಂತ್ರದ ಪ್ಲಗ್ಗನ್ನು ನಾದಿನಿ ಕಿತ್ತಿಟ್ಟಿದ್ದರಿಂದ ಅವು ಬದುಕಿದವು. ಪ್ರಿಂಟರೂ ಉಳಿಯಿತು. ಸಂಘದವರು ಸಭೆ ಸೇರಿ, ಉಳಿತಾಯದ ದುಡ್ಡಿನಲ್ಲಿ ಒಂದು ಹೊಸ ಲ್ಯಾಪ್‌ಟಾಪ್ ತಂದರು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ಅದರಿಂದ ಡೇರಿಯ ಪ್ರೋಗ್ರಾಮನ್ನೂ ಹಳೆಯ ಲೆಕ್ಕವನ್ನೂ ಹೊಸದಕ್ಕೆ ಹಾಕಿಸಿದರು. ಪೂಜೆ ಮಾಡಿ, ಊದಿನಕಡ್ಡಿ ಹಚ್ಚಿ, ತಕ್ಕಡಿಯ ಕೇಬಲ್ಲನ್ನು ಸಿಕ್ಕಿಸಲು ನೋಡಿದರೆ ಸಿಕ್ಕಿಸಲು ಜಾಗವೇ ಇಲ್ಲ! ನಾದಿನಿ ನನಗೆ ಫೋನ್ ಮಾಡಿದಳು. “ಅತ್ತಿಗೆ, ಸುತ್ತಾ ತಡಕಿ ನೋಡಿದೆ. ಆ ಒಂಬತ್ತು ಕಡ್ಡಿಯ ಬಾಯೇ ಇದಕ್ಕಿಲ್ಲ. ನೀವು ಸೈನ್ಸ್ ಟೀಚರ್ ಆಗಿದ್ದವರು, ಏನಾದರೂ ಹೇಳಿ.”

ಸೆಟ್ಟು ಮಾರಿದ್ದ ಕಂಪನಿಯ ಏಜೆಂಟನನ್ನು ಕರೆಸಿದರು. ಆತ ಬಂದು, ಕಾರ್ಯದರ್ಶಿಯಾದ ನನ್ನ ನಾದಿನಿಯನ್ನು ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಅವಳ ಗಂಡನ ಕಡೆ ತಿರುಗಿ ಮಾತಾಡಿದ. “ಸಾರ್, ನಿಮ್ಮ ಸೆಟ್ಟು ಔಟ್‌ಡೇಟೆಡ್. ಇದಕ್ಕೆ ಸಪೋರ್ಟ್ ಇಲ್ಲ. ತಕ್ಕಡಿ, ಟೆಸ್ಟರ್, ಎಲ್ಲಾ ಹೊಸದು ಹಾಕಿಸಿಬಿಡಿ. ಒಂದೂವರೆ ಲಕ್ಷದಲ್ಲಿ ಮುಗಿಯುತ್ತೆ.” ಅಲ್ಲೂ ಅದೇ ‘ಬಿಡಿ’. ಒಂದೂವರೆ ಲಕ್ಷದಲ್ಲಿ ಮುಗಿಯುವುದು ಯಾವುದು ಎಂದು ನಾದಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳಂತೆ. ಸಂಘದ ಉಳಿತಾಯ ಮುಗಿಯುತ್ತದೆ, ಆ ವರ್ಷದ ಬೋನಸ್ಸು ಮುಗಿಯುತ್ತದೆ.

ಅಷ್ಟರಲ್ಲಿ ದಿನಾ ಎರಡು ಹೊತ್ತು ಹಾಲು ಬರುವುದು ನಿಲ್ಲುತ್ತದೆಯೆ? ಹಸುವಿಗೆ ಪೋರ್ಟಿನ ಕಷ್ಟ ಗೊತ್ತಿಲ್ಲ. ತಕ್ಕಡಿಯ ಮೇಲೆ ತೂಕ ಕಾಣುತ್ತಿತ್ತು, ಟೆಸ್ಟರಿನ ಮೇಲೆ ಫ್ಯಾಟು ಕಾಣುತ್ತಿತ್ತು. ನಾದಿನಿ ಅದನ್ನು ಓದಿ ಪುಸ್ತಕದಲ್ಲಿ ಬರೆದು, ದರದ ಪಟ್ಟಿ ನೋಡಿ ಗುಣಿಸತೊಡಗಿದಳು. ಸಾಲು ರಸ್ತೆಯವರೆಗೆ ಬೆಳೆಯಿತು. ಕ್ಯಾನ್ ಲಾರಿಯವನು ಹಾರ್ನ್ ಹೊಡೆದು ಹೊಡೆದು ಒಂದು ದಿನ ಎರಡು ಕ್ಯಾನ್ ಬಿಟ್ಟೇ ಹೋದ. ನಾಲ್ಕನೆಯ ದಿನಕ್ಕೆ ಹಳೆಯ ಪಿಸುಮಾತು ಮತ್ತೆ ಹುಟ್ಟಿತು. “ಓದೋಳೂ ಅವಳೇ, ಬರೆಯೋಳೂ ಅವಳೇ.” ಹದಿನೈದು ವರ್ಷ ಒಂದು ಪೈಸೆ ಆಚೀಚೆ ಮಾಡದ ಹೆಂಗಸು ರಾತ್ರಿ ಫೋನಿನಲ್ಲಿ ಅತ್ತಳು. ಬಂದದ್ದು ಬರೀ ಯಂತ್ರದ ತೊಂದರೆ ಎಂದು ತಿಳಿದಿದ್ದ ನನಗೆ ಆಗ ಎಚ್ಚರವಾಯಿತು.

ಹಾಗೆ ನಾನು ಆ ಕೇಬಲ್ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆಯಲು ಹೊರಟದ್ದು. ಅಲೆಯುತ್ತ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಕೇಳಿ, ಕಷ್ಟವೇನಿಲ್ಲ.

ಕಂಪ್ಯೂಟರಿಗೆ ಎಲ್ಲ ಮಾತೂ ಒಂದು ಮತ್ತು ಸೊನ್ನೆ. ಆ ಒಂದು-ಸೊನ್ನೆಗಳನ್ನು ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರಂತೆ ಒಂದರ ಹಿಂದೊಂದು ಕಳಿಸಿದರೆ ಅದು ಸೀರಿಯಲ್. ನಮ್ಮ ಟೀವಿ ಧಾರಾವಾಹಿಯ ಕಂತುಗಳೂ ಹಾಗೆಯೇ ಅಲ್ಲವೆ, ಇವತ್ತೊಂದು, ನಾಳೆಯೊಂದು? ಹೀಗೆ ಮಾತಾಡುವ ಕ್ರಮಕ್ಕೆ 1960ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ತಯಾರಕರ ಸಂಘ ಒಂದು ನಿಯಮ ಮಾಡಿತು. ಅದರ ಹೆಸರು ಆರ್‌ಎಸ್-232. ಮೊದಲು ಅದಕ್ಕೆ 25 ಪಿನ್ನಿನ ದೊಡ್ಡ ಬಾಯಿ ಇತ್ತು. 1984ರಲ್ಲಿ ಐಬಿಎಂ ಕಂಪನಿಯ ಪಿಸಿ-ಎಟಿ ಕಂಪ್ಯೂಟರ್ ಬಂದ ಮೇಲೆ ಒಂಬತ್ತು ಪಿನ್ನಿನ ಬಾಯಿ ಮನೆಮಾತಾಯಿತು. ಒಂಬತ್ತಿದ್ದರೂ ಎಷ್ಟೋ ತಕ್ಕಡಿಗಳಿಗೆ ಬೇಕಾದದ್ದು ಮೂರೇ ತಂತಿ. ಒಂದು ಹೇಳಲು, ಒಂದು ಕೇಳಲು, ಇನ್ನೊಂದು ಇಬ್ಬರಿಗೂ ಸಮಾನವಾದ ನೆಲ. ಸಂಸಾರಕ್ಕೂ ಇಷ್ಟೇ ಸಾಕು ಎಂದು ನನಗೆ ಅನ್ನಿಸಿದ್ದುಂಟು.

1996ರಲ್ಲಿ ಯುಎಸ್‌ಬಿ ಬಂತು. ಅದನ್ನು ರೂಪಿಸಿದ ಇಂಟೆಲ್ ಕಂಪನಿಯ ತಂಡವನ್ನು ಮುನ್ನಡೆಸಿದವರು ನಮ್ಮ ಬರೋಡಾದಲ್ಲಿ ಓದಿದ ಅಜಯ್ ಭಟ್. ಕೀಬೋರ್ಡಿಗೊಂದು, ಪ್ರಿಂಟರಿಗೊಂದು, ಮೌಸಿಗೊಂದು ಎಂದು ಬೇರೆ ಬೇರೆ ಬಾಯಿಗಳಿದ್ದ ಗೋಜಲನ್ನು ಅದು ಒಂದೇ ಬಾಯಿಗೆ ತಂದಿತು. 1998ರಲ್ಲಿ ಆಪಲ್ ಕಂಪನಿ ತನ್ನ ಐಮ್ಯಾಕ್ ಕಂಪ್ಯೂಟರಿನಿಂದ ಹಳೆಯ ಬಾಯಿಗಳನ್ನೆಲ್ಲ ತೆಗೆದೇಹಾಕಿತು. ಆಮೇಲೆ ಒಬ್ಬರ ಹಿಂದೊಬ್ಬರು ಅದೇ ದಾರಿ ಹಿಡಿದರು. ತಮಾಷೆ ಏನು ಗೊತ್ತೆ? ಯುಎಸ್‌ಬಿ ಎಂಬ ಹೆಸರಿನಲ್ಲಿರುವ ‘ಎಸ್’ ಎಂದರೂ ಸೀರಿಯಲ್ಲೇ. ಸೊಸೆ ಬಂದದ್ದೂ ಅತ್ತೆಯ ತವರಿನಿಂದಲೇ!

ಆದರೂ ಇಬ್ಬರ ನುಡಿಗಟ್ಟು ಬೇರೆ. ಹಳೆಯದು ಸೊನ್ನೆಯನ್ನು 3ರಿಂದ 15 ವೋಲ್ಟಿನವರೆಗಿನ ಧನ ವಿದ್ಯುತ್ತಿನಲ್ಲಿ, ಒಂದನ್ನು ಅಷ್ಟೇ ಋಣ ವಿದ್ಯುತ್ತಿನಲ್ಲಿ ಹೇಳುತ್ತದೆ. ಹೇಳಬೇಕೆನ್ನಿಸಿದಾಗ ಹೇಳುತ್ತದೆ, ಬಾವಿಕಟ್ಟೆಯ ಮಾತಿನಂತೆ. ಯುಎಸ್‌ಬಿಯದು ನನ್ನ ತರಗತಿಯ ಶಿಸ್ತು. ಕಂಪ್ಯೂಟರ್ ಹೆಸರು ಕರೆದು ಕೇಳಬೇಕು, ಆಗ ಮಾತ್ರ ಎದ್ದು ಉತ್ತರ ಕೊಡಬೇಕು. ಆದ್ದರಿಂದ ಬರೀ ತಂತಿಗೆ ತಂತಿ ಸುತ್ತಿದರೆ ಆಗದು. ನಡುವೆ ಎರಡೂ ಭಾಷೆ ಬಲ್ಲ ಒಂದು ಚಿಪ್ ಬೇಕು. ಅತ್ತೆಯ ಮಾತನ್ನು ಸೊಸೆಗೆ, ಸೊಸೆಯ ಮಾತನ್ನು ಅತ್ತೆಗೆ ಕಹಿ ಮಾಡದೆ ಮುಟ್ಟಿಸುವ ಜಾಣ ನಾದಿನಿಯಂಥದು. ಅದನ್ನು ಒಂದು ಕೇಬಲ್ಲಿನ ತಲೆಯಲ್ಲಿ ಅಡಗಿಸಿ ಮಾರುತ್ತಾರೆ. ಯುಎಸ್‌ಬಿ ಟು ಸೀರಿಯಲ್ ಕನ್ವರ್ಟರ್ ಎಂದು ಅದರ ಹೆಸರು. ಇಂಥದೊಂದು ಇದೆ ಎಂದು ಆ ಏಜೆಂಟನಿಗೆ ಗೊತ್ತಿರಲಿಲ್ಲವೆ? ಗೊತ್ತಿಲ್ಲದಿದ್ದರೆ ಅವನು ಆ ಕೆಲಸಕ್ಕೆ ತಕ್ಕವನಲ್ಲ. ಗೊತ್ತಿದ್ದೂ ಹೇಳದಿದ್ದರೆ ಅದಕ್ಕೆ ಏನೆನ್ನಬೇಕೆಂದು ನೀವೇ ಹೇಳಿ.

ನನಗೆ ಅದನ್ನು ಹೇಳಿಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಹೆದ್ದಾರಿ ಪಕ್ಕದ ವೇ ಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸ ಅವಳದು. ಬಸ್ಸಿನಲ್ಲಿ ಸಿಕ್ಕಿ, ನನ್ನ ಕೈಯಲ್ಲಿದ್ದ ಕೇಬಲ್ ನೋಡಿ, “ಇದೇನು ಮಿಸ್, ನಮ್ಮ ವೇ ಬ್ರಿಡ್ಜಿನ ಕೇಬಲ್ ನಿಮ್ಮ ಹತ್ತಿರ?” ಎಂದಳು. ನಲವತ್ತು ಟನ್ನಿನ ಲಾರಿಯ ತೂಕವೂ ಅದೇ ಒಂಬತ್ತು ಪಿನ್ನಿನ ದಾರಿಯಲ್ಲೇ ಬರುತ್ತದಂತೆ. “ಔಟ್‌ಡೇಟೆಡ್ ಅಂತ ಯಾರಂದರು ಮಿಸ್? ಈಗ ಬರೋ ಹೊಸ ತಕ್ಕಡೀಲೂ ಇದೇ ಇರುತ್ತೆ” ಎಂದಳು. ಆಮೇಲೆ ವಿಚಾರಿಸಿದೆ. ಅವಳ ಮಾತು ನಿಜ. ರಕ್ತ ಪರೀಕ್ಷೆಯ ಲ್ಯಾಬಿನ ಯಂತ್ರಗಳಲ್ಲಿ, ಕಾರ್ಖಾನೆಯ ಲೇಥುಗಳಲ್ಲಿ, ಅಂಗಡಿಯ ಬಿಲ್ ಪ್ರಿಂಟರುಗಳಲ್ಲಿ ಇಂದಿಗೂ ಆ ಬಾಯಿ ಇದೆ. ಸತ್ತಿದೆ ಎಂದು ಶ್ರಾದ್ಧ ಮಾಡಿದವರ ಮನೆಯಲ್ಲೇ ಅದು ಊಟ ಮಾಡಿಕೊಂಡು ಇದೆ.

ಕನ್ವರ್ಟರ್ ಕೊಳ್ಳುವುದೂ ಒಂದು ಪುರಾಣ. “ಯಾವ ತುದಿ ಬೇಕು?” ಎಂದು ಕೇಳಿದ ಅಂಗಡಿಯ ಇನ್ನೊಬ್ಬ ಹುಡುಗ, ನನ್ನ ಬಿಳಿಕೂದಲು ನೋಡಿ ಮುಂದಿನ ಮಾತು ನುಂಗಿದ. ಪಿನ್ ಇರುವ ತುದಿಗೆ ‘ಮೇಲ್’, ತೂತಿರುವ ತುದಿಗೆ ‘ಫಿಮೇಲ್’ ಎಂದು ಅವರ ಭಾಷೆ. “ಹೇಳಪ್ಪ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ನನಗೆ ಗಂಡು ತುದಿ ಕೊಡು” ಎಂದೆ. ಮೊದಲು ಇನ್ನೂರೈವತ್ತು ರೂಪಾಯಿಯದು ಕೊಟ್ಟ. ಸಿಕ್ಕಿಸಿದರೆ ಲ್ಯಾಪ್‌ಟಾಪಿನಲ್ಲಿ ಹಳದಿ ತ್ರಿಕೋನ, ಒಳಗೊಂದು ಆಶ್ಚರ್ಯ ಚಿಹ್ನೆ. ಚಿಪ್ಪಿನ ಜೊತೆ ಮಾತಾಡಲು ಬೇಕಾದ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮ್ ಅದನ್ನು ಒಪ್ಪಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ. ಎರಡನೆಯ ಸಲ ವೇ ಬ್ರಿಡ್ಜಿನ ಹುಡುಗಿಯನ್ನೇ ಕರೆದುಕೊಂಡು ಹೋಗಿ, ಆರುನೂರೈವತ್ತು ರೂಪಾಯಿಯವು ಎರಡು ತಂದೆವು. ತಕ್ಕಡಿಗೊಂದು, ಟೆಸ್ಟರಿಗೊಂದು.

ಲ್ಯಾಪ್‌ಟಾಪ್ ಈ ಸಲ ಒಪ್ಪಿತು. ಆದರೆ ತಕ್ಕಡಿಯ ಬಾಗಿಲಿಗೆ ಅದು ‘ಕಾಮ್ 9’ ಎಂದು ನಂಬರ್ ಕೊಟ್ಟಿತ್ತು. ಡೇರಿಯ ಹಳೆಯ ಪ್ರೋಗ್ರಾಮಿಗೆ ಒಂದರಿಂದ ನಾಲ್ಕರವರೆಗೆ ಮಾತ್ರ ಎಣಿಕೆ ಗೊತ್ತು. ಡಿವೈಸ್ ಮ್ಯಾನೇಜರಿನೊಳಗೆ ಹೋಗಿ, ಪೋರ್ಟ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಎಂಬಲ್ಲಿ ನಂಬರನ್ನು ‘ಕಾಮ್ 1’ ಎಂದು ಬದಲಾಯಿಸಿದಳು ಆ ಹುಡುಗಿ. ಆಮೇಲೆ ತೂಕದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಬಂದವು. ತಕ್ಕಡಿ ಮಾತಾಡುವ ವೇಗ 2400, ಲ್ಯಾಪ್‌ಟಾಪ್ ಕೇಳಿಸಿಕೊಳ್ಳುವ ವೇಗ 9600. ಒಬ್ಬರು ನಿಧಾನ ಹೇಳಿ ಇನ್ನೊಬ್ಬರು ಅವಸರದಲ್ಲಿ ಕೇಳಿದರೆ ಅರ್ಥವಾಗುತ್ತದೆಯೆ? ಅದನ್ನೂ ಸರಿಮಾಡಿದಳು. ಪರದೆಯ ಮೇಲೆ ಒಂದು ಕ್ಯಾನಿನ ತೂಕ ಕಂಡಾಗ ನಾದಿನಿ ಕೈಮುಗಿದಳು. ಯಾರಿಗೆ ಮುಗಿದಳೋ, ಹುಡುಗಿಗೋ ದೇವರಿಗೋ, ಇಬ್ಬರೂ ಒಂದೇ ಕಡೆ ಇದ್ದರು. ಒಟ್ಟು ಖರ್ಚು, ಕೆಟ್ಟ ಕೇಬಲ್ ಸೇರಿ, ಸಾವಿರದ ಐನೂರೈವತ್ತು ರೂಪಾಯಿ. ಏಜೆಂಟ್ ಹೇಳಿದ್ದು ಒಂದೂವರೆ ಲಕ್ಷ.

ಈಗ ನನ್ನ ಜಗಳಕ್ಕೆ ಬರುತ್ತೇನೆ.

“ಅಜ್ಜಿಯರು ಯಾವಾಗಲೂ ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ” ಎಂದು ನನ್ನ ಅಳಿಯನೇ ಛೇಡಿಸಿದ. ಇಲ್ಲ ಮಹರಾಯ. ಯುಎಸ್‌ಬಿ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಎರಡು ಬೆರಳು ದಪ್ಪದ ಆ ಒಂಬತ್ತು ಪಿನ್ನಿನ ಬಾಯಿಯನ್ನು ಈಗಿನ ತೆಳ್ಳಗಿನ ಲ್ಯಾಪ್‌ಟಾಪಿಗೆ ಕೂರಿಸಲಾಗದು ಎಂದೂ ಒಪ್ಪುತ್ತೇನೆ. ಎಲ್ಲ ಲ್ಯಾಪ್‌ಟಾಪಿಗೂ ಅದನ್ನು ಮತ್ತೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಗರ್ಬರಿನ ಆಮ್ಲ ಹೋಗಿ ಟೆಸ್ಟರ್ ಬಂದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು.

ನಾನು ಕೇಳುವುದು ಇಷ್ಟೆ. ಬಾಗಿಲು ಬದಲಾಯಿಸಿದವರು ಯಾರು? ತಕ್ಕಡಿ ಬದಲಾಯಿಸಲಿಲ್ಲ, ಹಸು ಬದಲಾಯಿಸಲಿಲ್ಲ, ಹಾಲು ಹಾಕುವ ಅಜ್ಜಿ ಬದಲಾಯಿಸಲಿಲ್ಲ. ಹಾಗಿದ್ದ ಮೇಲೆ ಆ ಬದಲಾವಣೆಯ ಬಿಲ್ಲು ಅವರ ಕೈಗೇ ಏಕೆ ಬರಬೇಕು? ತೂಕ ಸರಿಯಾಗಿ ತೂಗುವ ತಕ್ಕಡಿ, ಫ್ಯಾಟನ್ನು ಸರಿಯಾಗಿ ಹೇಳುವ ಟೆಸ್ಟರ್, ಪಕ್ಕದ ಮನೆಯವರು ಬಾಗಿಲು ಬದಲಾಯಿಸಿದ ಮಾತ್ರಕ್ಕೆ ಕೆಟ್ಟುಹೋಯಿತೆ? ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಹೊಲಿಗೆ ಯಂತ್ರಗಳಿವೆ. ಮೋಟಾರ್ ಬಂದಾಗ ಯಾರಾದರೂ ಯಂತ್ರವನ್ನು ಗುಜರಿಗೆ ಹಾಕಿದರೆ? ಬೆಲ್ಟು ತೆಗೆದು, ಪಕ್ಕಕ್ಕೊಂದು ಮೋಟಾರ್ ಬಿಗಿಸಿಕೊಂಡು, ಕಾಲಿಗೆ ವಿಶ್ರಾಂತಿ ಕೊಟ್ಟು ಹೊಲಿಯುತ್ತಲೇ ಇದ್ದೇವೆ. ಹಳೆಯದಕ್ಕೂ ಹೊಸದಕ್ಕೂ ಗಂಟು ಹಾಕುವ ಕೆಲಸ ನಮಗೆ ಯಾರೂ ಕಲಿಸಬೇಕಾಗಿಲ್ಲ.

“ಹೊಸ ಸೆಟ್ಟು ಬೇಗ ಕೆಲಸ ಮಾಡುತ್ತದೆ” ಎನ್ನುತ್ತಾರೆ. ಒಂದು ಕ್ಯಾನಿನ ತೂಕ ಎಂದರೆ ಐದಾರು ಅಂಕಿ. ಅದನ್ನು ಕಳಿಸಲು 2400ರ ವೇಗವೇ ಬೇಕಾದಷ್ಟಾಯಿತು. ಕ್ಯಾನ್ ಎತ್ತಿ ಇಡುವುದರೊಳಗೆ ಎಷ್ಟೋ ಸಲ ಹೇಳಿ ಮುಗಿಸುತ್ತದೆ. ಚಮಚದಲ್ಲಿ ಕುಡಿಯುವ ಕಷಾಯಕ್ಕೆ ಕೊಳಾಯಿ ಹಾಕಿಸಿ ಎಂದರೆ ಹೇಗೆ?

“ಕನ್ವರ್ಟರನ್ನು ನಂಬುವ ಹಾಗಿಲ್ಲ” ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ನನಗೇ ಒಂದು ಕೆಟ್ಟದ್ದು ಸಿಕ್ಕಿತಲ್ಲ. ಆದರೆ ಆ ಅಪನಂಬಿಕೆ ಹುಟ್ಟಿದ್ದು ಯಾರಿಂದ? ಈ ಚಿಪ್ಪುಗಳ ನಕಲು ಪೇಟೆಯಲ್ಲಿ ಧಾರಾಳವಾಗಿವೆ. 2014ರ ಅಕ್ಟೋಬರಿನಲ್ಲಿ ಏನಾಯಿತು ಗೊತ್ತೆ? ಸ್ಕಾಟ್ಲೆಂಡಿನ ಎಫ್‌ಟಿಡಿಐ ಎಂಬ ಕಂಪನಿ ಇಂಥ ಚಿಪ್ಪುಗಳಿಗೆ ಹೆಸರಾದದ್ದು. ಅದರ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟಿನ ಮೂಲಕ ಜನರ ಕಂಪ್ಯೂಟರಿಗೆ ಬಂತು. ಬಂದು, ನಕಲಿ ಚಿಪ್ ಕಂಡಲ್ಲೆಲ್ಲ ಅದರ ಗುರುತಿನ ನಂಬರನ್ನು ಸೊನ್ನೆ ಮಾಡಿತು. ನಿನ್ನೆಯವರೆಗೆ ನಡೆಯುತ್ತಿದ್ದ ಕೇಬಲ್ ಬೆಳಗಾಗುವುದರೊಳಗೆ ಹೆಣ. ಜನ ರೇಗಿದ ಮೇಲೆ ಆ ಡ್ರೈವರನ್ನು ಹಿಂದಕ್ಕೆ ತೆಗೆದುಕೊಂಡರು. ನಕಲು ಮಾಡುವುದು ಕಳ್ಳತನ, ಅದನ್ನು ಸಮರ್ಥಿಸುವವಳು ನಾನಲ್ಲ. ಆದರೆ ಶಿಕ್ಷೆ ಆದದ್ದು ಯಾರಿಗೆ? ನಕಲು ಮಾಡಿದವನು ದುಡ್ಡು ಎಣಿಸಿಕೊಂಡು ಹೋಗಿದ್ದ. ಅಸಲಿ ಯಾವುದು ನಕಲಿ ಯಾವುದು ಎಂದು ನೋಡಿ ತಿಳಿಯಲಾಗದ ಕೊಂಡವರ ಕೇಬಲ್ಲು ಸತ್ತಿತು. ಕಲಬೆರಕೆ ಹಾಲು ಮಾರಿದವನನ್ನು ಬಿಟ್ಟು ಕುಡಿದ ಮಗುವಿನ ಲೋಟ ಒಡೆದಂತೆ.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆ ದೊಡ್ಡದಲ್ಲ. ಮೊದಲನೆಯದಾಗಿ, ಹತ್ತಾರು ವರ್ಷ ಬಾಳುವ ಯಂತ್ರ ಮಾರುವವರು ಅದರ ಭಾಷೆಯನ್ನು ಕಾಗದದಲ್ಲಿ ಬರೆದು ಕೊಡಬೇಕು. ಯಾವ ಪಿನ್ ಏನು, ವೇಗ ಎಷ್ಟು, ಅಂಕಿಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದು ಒಂದು ಪುಟದ ಮಾತು. ಎರಡನೆಯದಾಗಿ, ಹೊಸ ಕಂಪ್ಯೂಟರಿಗೆ ಅದನ್ನು ಸೇರಿಸುವ ಪರೀಕ್ಷಿಸಿದ ಕೇಬಲ್ಲನ್ನು ಅವರೇ ಇಟ್ಟು ಮಾರಬೇಕು. ಮೂರನೆಯದಾಗಿ, ಸರ್ಕಾರವಾಗಲಿ ಒಕ್ಕೂಟಗಳಾಗಲಿ ಹಳ್ಳಿಗಳಿಗೆ ಕಂಪ್ಯೂಟರ್ ಕೊಡಿಸುವಾಗ, ಈಗಿರುವ ಯಂತ್ರಗಳಿಗೆ ಇದು ಹೊಂದುತ್ತದೆಯೆ ಎಂದು ಮೊದಲು ಕೇಳಬೇಕು. ಹುಡುಗಿಗೆ ಗಂಡು ನೋಡುವಾಗ ನೂರು ಕೇಳುತ್ತೇವಲ್ಲ, ಇದೊಂದು ಕೇಳಬಾರದೆ?

ಇದೆಲ್ಲ ನನ್ನೊಬ್ಬಳ ಹಟವೂ ಅಲ್ಲ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕು’ ಕುರಿತು ಒಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ವಸ್ತು, ವಾಹನ ಎಂದು ನಾಲ್ಕು ಬಗೆ ಗುರುತಿಸಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನದಂದು ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯ ಕೆಲಸ. ಆದರೆ ಜಾಲತಾಣ ಬೇರೆ, ಹಕ್ಕು ಬೇರೆ. ಏಜೆಂಟನ ಮುಂದೆ ನಿಂತು “ಇದರ ಕೇಬಲ್ ಕೊಡು, ಭಾಷೆ ಹೇಳು” ಎಂದು ನನ್ನ ನಾದಿನಿ ಕೇಳಿದಾಗ ಅವನು ಕೊಡಲೇಬೇಕಾದ ದಿನ ಬಂದರೆ ಅದು ಹಕ್ಕು. ಎಲೆಕ್ಟ್ರಾನಿಕ್ ಕಸದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಎಸೆದದ್ದನ್ನು ಹೇಗೆ ವಿಲೇವಾರಿ ಮಾಡಬೇಕೆಂದು ಯೋಚಿಸುವಷ್ಟೇ, ಎಸೆಯದಂತೆ ಹೇಗೆ ಮಾಡಬೇಕೆಂದೂ ಯೋಚಿಸಬೇಡವೆ?

ನನ್ನ ಅಕ್ಕತಂಗಿಯರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಡೇರಿ ಇಲ್ಲದಿರಬಹುದು. ಯಜಮಾನರ ಅಂಗಡಿಯ ತಕ್ಕಡಿ ಇರಬಹುದು, ಮಗಳ ಲ್ಯಾಬಿನ ಯಂತ್ರ ಇರಬಹುದು. ಯಾರಾದರೂ ಬಂದು “ಬದಲಾಯಿಸಿಬಿಡಿ” ಎಂದಾಗ ಮೂರು ಪ್ರಶ್ನೆ ಕೇಳಿ. ಕೆಟ್ಟಿರುವುದು ಯಂತ್ರವೋ, ಜೋಡಿಸುವ ಬಾಯಿಯೋ? ನಡುವೆ ಹಾಕುವ ವಸ್ತು ಸಿಗುತ್ತದೆಯೋ ಇಲ್ಲವೋ? ಹೊಸದು ಕೊಂಡರೆ ನಿನಗೆ ಎಷ್ಟು ಸಿಗುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಆದರೂ ಕೇಳಿ. ಕನ್ವರ್ಟರ್ ಕೊಳ್ಳುವುದಾದರೆ ಆರ್‌ಎಸ್-232 ಎಂದೇ ಕೇಳಿ. ಅದೇ ರೂಪದ ‘ಟಿಟಿಎಲ್’ ಎಂಬುದು ಬೇರೆ; ಅದು 5 ವೋಲ್ಟಿನ ಒಳಗಿನ ಮಾತಿಗೆ, ನಿಮ್ಮ ಯಂತ್ರದ ವೋಲ್ಟಿಗೆ ಸುಟ್ಟುಹೋದೀತು. ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಯಂತ್ರದ ಹಳೆಯ ಕೇಬಲ್ಲನ್ನು ಮಾತ್ರ ಎಸೆಯಬೇಡಿ. ಅದರೊಳಗೆ ಹೇಳುವ ತಂತಿ, ಕೇಳುವ ತಂತಿಗಳನ್ನು ಆ ಯಂತ್ರಕ್ಕೆ ತಕ್ಕಂತೆ ಹೆಣೆದಿರುತ್ತಾರೆ.

ಮೊನ್ನೆ ಡೇರಿಗೆ ಹೋಗಿದ್ದೆ. ಎರಡು ಕನ್ವರ್ಟರಿಗೂ ನಾದಿನಿ ಗುರುತು ಮಾಡಿದ್ದಾಳೆ. ತಕ್ಕಡಿಯದಕ್ಕೆ ಕೆಂಪು ದಾರ, ಟೆಸ್ಟರಿನದಕ್ಕೆ ಹಸಿರು ದಾರ. ಅದಲುಬದಲಾದರೆ, ಬೇರೆ ತೂತಿಗೆ ಹಾಕಿದರೆ, ನಂಬರ್ ತಪ್ಪೀತು ಎಂದು. ತಕ್ಕಡಿಯ ಭಾಷೆಯನ್ನೂ, 2400 ಎಂಬ ವೇಗವನ್ನೂ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಮೊಳೆ ಹೊಡೆದಿದ್ದಾಳೆ. ಕಂಪನಿಯವರು ಮಾಡಬೇಕಾಗಿದ್ದ ಕೆಲಸ. ಸಾಲು ಸರಸರನೆ ಮುಂದೆ ಹೋಗುತ್ತಿತ್ತು. ಕ್ಯಾನ್ ಲಾರಿ ಇನ್ನೂ ಬಂದಿರಲಿಲ್ಲ.

ಆ ಅಜ್ಜಿ ಹಾಲು ಹಾಕಿ, ಚೀಟಿ ತೆಗೆದುಕೊಂಡು, ನನ್ನ ಕಡೆ ಚಾಚಿದಳು. “ಟೀಚರಮ್ಮ, ಕನ್ನಡಕ ಹಾಕ್ಕೊಂಡಿದೀರಲ್ಲ, ಒಸಿ ಓದಿ. ನಾಲ್ಕೂ ಚಿಲ್ಲರೆ ಇರಬೇಕು.”

ಓದಿದೆ. ಫ್ಯಾಟು ನಾಲ್ಕು ಪಾಯಿಂಟು ಎರಡು. ಆಕೆ ತಲೆಯಾಡಿಸಿ, ಚೀಟಿಯನ್ನು ಮಡಿಸಿ, ಅದರ ಜಾಗದಲ್ಲಿ ಇಟ್ಟುಕೊಂಡು ಹೊರಟಳು.